ಮಾರ್ಕ್ಸ್ ಚೆನ್ನಾಗಿದ್ದರೆ ಸಾಲದು: ಅಮೆರಿಕದ ಪಬ್ಲಿಕ್ ಶಾಲೆಯಲ್ಲಿ ಕಿವಿ ಸರಿಯಾಗಿ ಕೇಳಿಸದ ಮಗುವಿಗೆ ಸೇವೆ ಪಡೆಯುವುದು ಹೇಗೆ

ಮೊದಲ ಮೀಟಿಂಗಿಗೆ ಹೋದಾಗ ಮೇಜಿನ ಆ ಕಡೆ ಆರು ಜನ, ಈ ಕಡೆ ನಾನು ಮತ್ತು ನನ್ನ ಗಂಡ. ಎಲ್ಲರೂ ನಗುಮುಖದವರೇ. ರಿಪೋರ್ಟ್ ಕಾರ್ಡ್ ಮುಂದಿಟ್ಟು, ‘ನಿಮ್ಮ ಮಗಳು ಚೆನ್ನಾಗಿಯೇ ಓದುತ್ತಿದ್ದಾಳಲ್ಲ, ಇನ್ನೇನು?’ ಎಂದರು. ನಾವು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ ಎದ್ದು ಬಂದೆವು. ಮಗಳ ಎರಡೂ ಕಿವಿಯಲ್ಲಿ ಹಿಯರಿಂಗ್ ಏಡ್ ಇತ್ತು. ಕ್ಲಾಸಿನಲ್ಲಿ ಅವಳಿಗೆ ಎಷ್ಟು ಕೇಳಿಸುತ್ತಿದೆ ಅಂತ ಆ ದಿನ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳುವುದನ್ನು ಕಲಿಯಲು ನಮಗೆ ಎರಡು ವರ್ಷ ಹಿಡಿಯಿತು.

ನಿಮಗೆ ಅಷ್ಟು ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ, ಮಗುವಿಗೆ ಸ್ವಲ್ಪವೋ ಪೂರ್ತಿಯೋ ಕಿವಿ ಕೇಳಿಸದ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನೇ ಹೆಚ್ಚಾಗಿ ಹೇಳಿದ್ದೇನೆ. ಅದರ ಮೇಲೆ ನಿಮ್ಮ ರಾಜ್ಯದ ನಿಯಮ ಒಂದಿಷ್ಟು ಇರುತ್ತದೆ.

ಮೊದಲು ಎರಡು ಭಯ ಕಳೆದುಕೊಳ್ಳಿ

ಒಂದು, ವೀಸಾ. ‘ನಾವು ಎಚ್-1ಬಿಯಲ್ಲಿ ಇದ್ದೇವೆ, ಇದನ್ನೆಲ್ಲ ಕೇಳಬಹುದಾ?’ ಕೇಳಬಹುದು. ಮಕ್ಕಳ ವಲಸೆ ಸ್ಥಿತಿ ನೋಡಿ ಪಬ್ಲಿಕ್ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ವಿಶೇಷ ಶಿಕ್ಷಣದ ಕಾನೂನಾದ ಐಡಿಇಎ ಕೂಡ ಅರ್ಹತೆಗೆ ವೀಸಾ ನೋಡುವುದಿಲ್ಲ. ಶಾಲೆ ಕೊಡುವ ಸೇವೆಗೆ ದುಡ್ಡು ಕಟ್ಟಬೇಕಿಲ್ಲ.

ಇನ್ನೊಂದು, ಹಣೆಪಟ್ಟಿ. ‘ದಾಖಲೆಯಲ್ಲಿ ಡಿಸೆಬಿಲಿಟಿ ಅಂತ ಬಂದುಬಿಟ್ಟರೆ ಮುಂದೆ ಕಾಲೇಜಿಗೆ ತೊಂದರೆ ಆಗಲ್ವಾ?’ ನಮ್ಮವರಲ್ಲಿ ಈ ಮಾತು ಬಹಳ. ಶಾಲೆಯ ಈ ಕಡತಕ್ಕೆ ಗೋಪ್ಯತೆಯ ಕಾನೂನಿನ ರಕ್ಷಣೆ ಇದೆ. ಅದು ತಾನಾಗಿ ಕಾಲೇಜಿಗೆ ಹೋಗುವುದಿಲ್ಲ. ಮಗುವಿನ ಕಿವಿಯಲ್ಲಿರುವುದನ್ನು ನೆಂಟರಿಗೆ ಕಾಣದಂತೆ ಕೂದಲಲ್ಲಿ ಮುಚ್ಚುವ ಅಭ್ಯಾಸ ಇದ್ದರೆ ಅದನ್ನೂ ಬಿಟ್ಟುಬಿಡಿ. ಮಗು ಅದನ್ನು ಗಮನಿಸುತ್ತದೆ.

ವಯಸ್ಸು ಮೂರರ ಒಳಗೋ, ಮೇಲೋ?

ದಾರಿ ಇಲ್ಲೇ ಕವಲೊಡೆಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಮಾಡುತ್ತಾರೆ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಪಕ್ಕಾ ಪರೀಕ್ಷೆ, ಆರು ತಿಂಗಳೊಳಗೆ ಸೇವೆ ಶುರು: ಇದಕ್ಕೆ 1-3-6 ಎನ್ನುತ್ತಾರೆ. ಸ್ಕ್ರೀನಿಂಗಿನಲ್ಲಿ ಫೇಲ್ ಆಗಿ, ‘ಕಿವಿಯಲ್ಲಿ ನೀರಿರಬೇಕು, ಆಮೇಲೆ ನೋಡೋಣ’ ಅಂತ ಬಿಟ್ಟವರು ನನಗೆ ಗೊತ್ತು. ಬಿಡಬೇಡಿ.

ಮೂರು ವರ್ಷ ತುಂಬುವ ತನಕ ಅರ್ಲಿ ಇಂಟರ್ವೆನ್ಷನ್ ಎಂಬ, ಪುಟ್ಟ ಮಕ್ಕಳಿಗೆಂದೇ ಇರುವ ಸೇವೆ. ಇದು ಶಾಲೆಯಲ್ಲಲ್ಲ, ಹೆಚ್ಚಾಗಿ ಮನೆಗೇ ಬರುತ್ತಾರೆ. ಹೆಸರು ಕೊಟ್ಟ 45 ದಿನದೊಳಗೆ ಪರೀಕ್ಷೆ ಮುಗಿಸಿ ಮೊದಲ ಮೀಟಿಂಗ್ ಮಾಡಬೇಕು. ಮೂರನೇ ಹುಟ್ಟುಹಬ್ಬಕ್ಕೆ ಈ ಬಾಗಿಲು ಮುಚ್ಚಿ ಶಾಲೆಯ ಬಾಗಿಲು ತೆರೆಯುತ್ತದೆ. ಆ ಬದಲಾವಣೆಗಾಗಿ ಹುಟ್ಟುಹಬ್ಬಕ್ಕಿಂತ ಕನಿಷ್ಠ 90 ದಿನ ಮೊದಲೇ ಒಂದು ಮೀಟಿಂಗ್ ಆಗಬೇಕು. ಆಗದಿದ್ದರೆ ನೀವೇ ಫೋನ್ ಮಾಡಿ. ಹುಟ್ಟುಹಬ್ಬ ಜೂನ್, ಜುಲೈನಲ್ಲಿದ್ದರೆ ಇನ್ನೂ ಹುಷಾರಾಗಿರಿ. ಶಾಲೆ ರಜೆಯಲ್ಲಿರುತ್ತದೆ, ಫೋನ್ ಎತ್ತುವವರೇ ಇರುವುದಿಲ್ಲ.

ಮೂರರಿಂದ 21ರವರೆಗೆ ಜವಾಬ್ದಾರಿ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನದು. ಮಗು ಪ್ರೈವೇಟ್ ಶಾಲೆಯಲ್ಲಿದ್ದರೂ ಪರೀಕ್ಷೆ ಮಾಡಿಸುವ ಹೊಣೆ ಡಿಸ್ಟ್ರಿಕ್ಟಿಗೇ ಇದೆ. ಆದರೆ ಅಲ್ಲಿ ಸೇವೆಯ ಹಕ್ಕು ತುಂಬಾ ಕಮ್ಮಿ. ಶಾಲೆ ಆರಿಸುವ ಮುಂಚೆ ಇದು ತಲೆಯಲ್ಲಿರಲಿ.

ಬರವಣಿಗೆಯಲ್ಲಿ ಕೇಳಿ

ಟೀಚರಿಗೆ ಗೇಟಿನ ಹತ್ತಿರ ನಿಂತು ಹೇಳಿದ್ದು ಗಾಳಿಗೆ ಹೋಗುತ್ತದೆ. ಈ ವ್ಯವಸ್ಥೆ ನಡೆಯುವುದು ಕಾಗದದ ಮೇಲೆ. ಪ್ರಿನ್ಸಿಪಾಲ್ ಮತ್ತು ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಷನ್ ಆಫೀಸು, ಇಬ್ಬರಿಗೂ ಒಂದೇ ಈಮೇಲ್ ಕಳಿಸಿ. ಉದ್ದ ಬೇಡ. ಮಗುವಿನ ಹೆಸರು, ಹುಟ್ಟಿದ ದಿನ, ಕ್ಲಾಸು. ಮಗುವಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ಚಾರ್ಟ್) ಲಗತ್ತಿಸಿದ್ದೇನೆ. ವಿಶೇಷ ಶಿಕ್ಷಣಕ್ಕಾಗಿ ಎಲ್ಲ ಬಗೆಯಲ್ಲೂ ಪರೀಕ್ಷೆ ಮಾಡಬೇಕೆಂದು ಕೋರುತ್ತೇನೆ. ಒಪ್ಪಿಗೆಯ ಫಾರಂ ಕಳಿಸಿ. ತಾರೀಖು, ಸಹಿ. ಇಷ್ಟೇ.

ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ ಗಡಿಯಾರ ಓಡಲು ಶುರು. ಕೇಂದ್ರದ ನಿಯಮದಲ್ಲಿ 60 ದಿನ. ರಾಜ್ಯಗಳು ಬೇರೆ ಲೆಕ್ಕ ಇಟ್ಟುಕೊಳ್ಳಬಹುದು. ಟೆಕ್ಸಸ್‌ನಲ್ಲಿ ಶಾಲೆ ನಡೆಯುವ 45 ದಿನ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಪತ್ರ ತಲುಪಿದ 15 ದಿನದೊಳಗೆ ಪರೀಕ್ಷೆಯ ಪ್ಲಾನ್ ನಿಮ್ಮ ಕೈಗೆ ಬರಬೇಕು. ಶಾಲೆ ‘ಪರೀಕ್ಷೆ ಬೇಡ’ ಎಂದರೆ ಅದನ್ನೂ ಕಾರಣ ಸಮೇತ ಬರೆದುಕೊಡಬೇಕು. ಅದಕ್ಕೆ ಪ್ರಯರ್ ರಿಟನ್ ನೋಟೀಸ್ ಎಂದು ಹೆಸರು. ಈ ಮೂರು ಪದ ಬಾಯಿಪಾಠ ಮಾಡಿಕೊಳ್ಳಿ. ‘ಹಾಗಾದರೆ ನನಗೆ ಪ್ರಯರ್ ರಿಟನ್ ನೋಟೀಸ್ ಕೊಡಿ’ ಅಂದ ಕೂಡಲೇ ಎಷ್ಟೋ ‘ಇಲ್ಲ’ಗಳು ‘ನೋಡೋಣ’ ಆಗುತ್ತವೆ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ನಿಮಗೆ ಇಂಗ್ಲಿಷಿನಲ್ಲಿ ಇದನ್ನೆಲ್ಲ ಹಿಡಿಯುವುದು ಕಷ್ಟವಾದರೆ ಮೀಟಿಂಗಿಗೆ ಕನ್ನಡ ಇಂಟರ್‌ಪ್ರಿಟರ್ ಕೇಳಬಹುದು. ಏರ್ಪಾಡು ಮಾಡುವುದು, ಖರ್ಚು ಹಾಕುವುದು ಶಾಲೆಯ ಕೆಲಸ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರಿಗೂ ಆ ಮೇಜಿನ ಮುಂದೆ ನಾಲಗೆ ಕಟ್ಟುತ್ತದೆ. ಸಂಕೋಚ ಬೇಡ.

ಯಾವ ಪರೀಕ್ಷೆ?

ಆಡಿಯೋಗ್ರಾಂ ತೆಗೆಯುವುದು ಸದ್ದೇ ಇಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿ. ಯಾವ ಕ್ಲಾಸ್‌ರೂಂ ಹಾಗಿರುತ್ತದೆ? ಖಾಲಿ ಕ್ಲಾಸಿನ ಹಿನ್ನೆಲೆ ಸದ್ದು 35 ಡೆಸಿಬೆಲ್ ದಾಟಬಾರದು ಅಂತ ಅಮೆರಿಕದಲ್ಲಿ ಒಂದು ಮಾನದಂಡವೇ ಇದೆ. ಆದರೆ ಗೊರ್ ಅನ್ನುವ ಹಳೇ ಏಸಿ ಇರುವ ಕೋಣೆಯಲ್ಲಿ ಅದು ಕಾಗದದ ಮೇಲಷ್ಟೇ. ಅದರ ಜೊತೆ ದೂರ ಬೇರೆ. ಮಾತಾಡುವವರಿಂದ ನೀವಿರುವ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಯರಿಂಗ್ ಏಡ್ ಏನು ಮಾಡುತ್ತದೆ? ಟೀಚರ್ ಮಾತಿನ ಜೊತೆ ಕುರ್ಚಿ ಎಳೆದ ಸದ್ದನ್ನೂ ಜೋರು ಮಾಡುತ್ತದೆ. ಕನ್ನಡಕ ಹಾಕಿದ ಹಾಗಲ್ಲ ಅದು.

ಅದಕ್ಕೇ ಫಂಕ್ಷನಲ್ ಲಿಸನಿಂಗ್ ಇವ್ಯಾಲ್ಯುಯೇಷನ್ ಮಾಡಿ ಅಂತ ಹೆಸರು ಹಿಡಿದು ಕೇಳಿ. ಶಾಲೆಯ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆಯ ತಜ್ಞರು, ಇದನ್ನು ಕ್ಲಾಸ್‌ರೂಮಿನಲ್ಲೇ ಮಾಡುತ್ತಾರೆ. ಹತ್ತಿರದಿಂದ, ದೂರದಿಂದ, ಸದ್ದಿಲ್ಲದೆ, ಸದ್ದಿಟ್ಟು, ಮುಖ ತೋರಿಸಿ, ಮುಖ ಮುಚ್ಚಿ ವಾಕ್ಯ ಹೇಳುತ್ತಾರೆ. ಮಗು ತಿರುಗಿ ಹೇಳಬೇಕು. ನನ್ನ ಮಗಳು ಹತ್ತಿರ ಕೂತಾಗ ಒಂದೂ ತಪ್ಪಿಲ್ಲದೆ ಹೇಳಿದಳು. ಆಮೇಲೆ ಆಡಿಯಾಲಜಿಸ್ಟ್ ಕೋಣೆಯ ಆ ತುದಿಗೆ ಹೋಗಿ, ಹಿನ್ನೆಲೆ ಸದ್ದು ಹಾಕಿ, ಬಾಯಿಗೆ ಕಾಗದ ಅಡ್ಡ ಹಿಡಿದರು. ಮಗಳು ಅರ್ಧಕ್ಕರ್ಧ ತಪ್ಪು ಹೇಳಿದಳು. ಅವಳು ಹೇಳುತ್ತಿದ್ದ ರೀತಿ ನೋಡಬೇಕಿತ್ತು. ಕೇಳಿಸಿದ ಎರಡು ಪದದ ಸುತ್ತ ಒಂದು ವಾಕ್ಯ ತಾನೇ ಕಟ್ಟಿ, ಧೈರ್ಯವಾಗಿ ಹೇಳುತ್ತಿದ್ದಳು. ಇಷ್ಟು ವರ್ಷ ಕ್ಲಾಸಿನಲ್ಲಿ ಮಾಡಿದ್ದೂ ಅದನ್ನೇ. ಸಂಜೆ ಮನೆಗೆ ಬಂದು ಶೂ ಬಿಚ್ಚದೆ ಸೋಫಾ ಮೇಲೆ ಯಾಕೆ ನಿದ್ದೆ ಹೋಗುತ್ತಾಳೆ ಅಂತ ಆ ದಿನ ಗೊತ್ತಾಯಿತು.

ಮನೆಯಲ್ಲಿ ನಮಗೆ ಯಾಕೆ ಗೊತ್ತಾಗಲಿಲ್ಲ? ಇದಕ್ಕೆ ನಮ್ಮ ಭಾಷೆಯದ್ದೂ ಒಂದು ಪಾಲಿದೆ ಅನ್ನಿಸುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ: ಮನೆ, ಹಾಲು, ಮಕ್ಕಳು. ಸ್ವರಗಳು ಜೋರು. ಮಾತು ಒಂದು ಕ್ಲಾಸಿನಷ್ಟು ದೂರದಿಂದಲೂ ಬರುವುದಿಲ್ಲ, ಅಡುಗೆಮನೆಯಿಂದ ಬರುತ್ತದೆ. ಇಂಗ್ಲಿಷಿನಲ್ಲಿ ಪದದ ಬಾಲದಲ್ಲಿ ಒಂದು ಸಣ್ಣ ‘ಸ್’ ಬಂದು ಒಂದನ್ನು ಹಲವು ಮಾಡಿಬಿಡುತ್ತದೆ. ‘ಸ್’ ಎತ್ತರದ ಸ್ಥಾಯಿಯ, ಆದರೆ ಮೆಲು ಸದ್ದು. ಮೊದಲು ಮಾಯವಾಗುವುದು ಅದೇ. ಟೀಚರ್ ಅದನ್ನು ‘ಗ್ರಾಮರ್ ವೀಕ್’ ಅಂತ ಬರೆದುಬಿಡುತ್ತಾರೆ. ಅಥವಾ ‘ಮನೆಯಲ್ಲಿ ಬೇರೆ ಭಾಷೆ ಅಲ್ವಾ, ಅದಕ್ಕೇ’ ಎನ್ನುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಎಂಬ ಸಲಹೆಯೂ ಬರಬಹುದು. ಒಪ್ಪಬೇಡಿ. ಮನೆಮಾತಿನಿಂದ ಕಿವಿ ಕೇಳದ ಮಗುವಿಗೆ ನಷ್ಟವಿಲ್ಲ. ಮನೆಮಂದಿಯ ಜೊತೆ ಮಾತು ಕಡಿದುಹೋದರೆ ನಷ್ಟವಿದೆ.

ಪರೀಕ್ಷೆಯ ಫಲಿತಾಂಶ ಒಪ್ಪಿಗೆಯಾಗದಿದ್ದರೆ ಹೊರಗಿನವರಿಂದ, ಶಾಲೆಯ ಖರ್ಚಿನಲ್ಲೇ ಇನ್ನೊಮ್ಮೆ ಮಾಡಿಸಿ ಅಂತ ಕೇಳಬಹುದು. ಶಾಲೆ ಒಂದೋ ದುಡ್ಡು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿ ಇದೆ ಎಂದು ತಾನೇ ಕಾನೂನಿನ ವಿಚಾರಣೆಗೆ ಹೋಗಿ ತೋರಿಸಬೇಕು.

ಐಇಪಿಯೋ, 504 ಪ್ಲಾನೋ?

ಎರಡೂ ಬೇರೆ ಬೇರೆ. 504 ಎನ್ನುವುದು 1973ರ ಕಾನೂನಿನ ಒಂದು ಸೆಕ್ಷನ್. ತಾರತಮ್ಯ ಆಗಬಾರದು ಅನ್ನುವುದು ಅದರ ತಿರುಳು. ಮುಂದಿನ ಸೀಟು, ಕ್ಯಾಪ್ಷನ್, ಮೈಕ್, ಪರೀಕ್ಷೆಗೆ ಹೆಚ್ಚು ಸಮಯ, ಇಂಥವು ಅದರಲ್ಲಿ ಸಿಗುತ್ತವೆ. ಐಇಪಿ ಅಂದರೆ ಆ ಒಂದು ಮಗುವಿಗೆಂದೇ ಬರೆದ ಶಿಕ್ಷಣದ ಯೋಜನೆ. ಅದು ಬರುವುದು ಐಡಿಇಎ ಅಡಿಯಲ್ಲಿ. ಮಗುವಿಗೆ ಕಲಿಸುವ ಸೇವೆ, ಅಳೆಯಬಹುದಾದ ಗುರಿ, ವರ್ಷಕ್ಕೊಮ್ಮೆ ಪರಿಶೀಲನೆ, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಎಲ್ಲ ಅದರಲ್ಲಿ. ಅಪ್ಪ ಅಮ್ಮಂದಿರ ಹಕ್ಕೂ ಅದರಲ್ಲೇ ಜಾಸ್ತಿ. ಮಾರ್ಕ್ಸ್ ಚೆನ್ನಾಗಿರುವ ಮಗುವಿಗೆ ಶಾಲೆ ಸಾಮಾನ್ಯವಾಗಿ 504 ಸಾಕು ಎನ್ನುತ್ತದೆ. ಕೆಲವರಿಗೆ ನಿಜಕ್ಕೂ ಸಾಕು. ಆದರೆ ಮಾತು, ಭಾಷೆ, ಓದು, ಸ್ನೇಹಿತರ ಗುಂಪಿನಲ್ಲಿ ಮಾತು ಹಿಡಿಯುವುದು, ತನಗೆ ಬೇಕಾದ್ದನ್ನು ತಾನೇ ಕೇಳುವುದು, ಇವುಗಳಲ್ಲಿ ಯಾವುದನ್ನಾದರೂ ಯಾರಾದರೂ ಕೂತು ಕಲಿಸಬೇಕಿದ್ದರೆ ಐಇಪಿಯೇ ಬೇಕು.

ಮಾರ್ಕ್ಸಿನ ವಾದಕ್ಕೆ ಹಳೇ ಬೇರಿದೆ. ವಿಶೇಷ ಶಿಕ್ಷಣದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಮೊದಲ ತೀರ್ಪೇ ಒಬ್ಬ ಕಿವುಡು ಹುಡುಗಿಯದು, 1982ರಲ್ಲಿ. ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಎಂಬ ಹುಡುಗಿಗೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಬೇಕು ಅಂತ ಅಪ್ಪ ಅಮ್ಮ ಕೇಳಿದ್ದರು. ಪಾಸಾಗುತ್ತಾ ಹೋಗುತ್ತಿದ್ದಾಳೆ, ಅಷ್ಟು ಸಾಕು ಎಂದಿತು ಕೋರ್ಟು. ಆ ತೀರ್ಪನ್ನು ಒಪ್ಪದ ನ್ಯಾಯಮೂರ್ತಿಗಳು, ಕ್ಲಾಸಿನಲ್ಲಿ ಆಡಿದ್ದರಲ್ಲಿ ಅರ್ಧಕ್ಕಿಂತ ಕಮ್ಮಿ ಆಕೆಗೆ ತಲುಪುತ್ತದೆ ಎಂದು ಬರೆದರು. ಆ ಅಳತೆಗೋಲು 2017ರಲ್ಲಿ ಎಂಡ್ರೂ ಎಫ್. ಕೇಸಿನಲ್ಲಿ ಮೇಲೇರಿತು. ಮಗುವಿನ ಪರಿಸ್ಥಿತಿಗೆ ತಕ್ಕ ನಿಜವಾದ ಪ್ರಗತಿ ಆಗುವಂತೆ ಐಇಪಿ ಇರಬೇಕು, ಚೂರುಪಾರು ಸಾಲದು ಎಂದಿತು ಅದೇ ಕೋರ್ಟು. ‘ಚೆನ್ನಾಗಿಯೇ ಓದುತ್ತಿದ್ದಾಳಲ್ಲ’ ಎಂದಾಗ ನಾನು ಈಗ ಹೇಳುವುದು ಇಷ್ಟೇ: ‘ಹೌದು. ಅದಕ್ಕೆ ಅವಳು ಎಷ್ಟು ಬೆಲೆ ಕೊಡುತ್ತಿದ್ದಾಳೆ ಅಂತ ಈ ಲಿಸನಿಂಗ್ ರಿಪೋರ್ಟಿನಲ್ಲಿದೆ, ನೋಡಿ.’

ಮೀಟಿಂಗಿನಲ್ಲಿ ಏನು ಕೇಳಬೇಕು

ಡ್ರಾಫ್ಟ್ ಮುಂಚೆಯೇ ಕಳಿಸಿ ಅಂತ ಕೇಳಿಟ್ಟುಕೊಳ್ಳಿ. ಟೀಚರ್ ಆಫ್ ದಿ ಡೆಫ್, ಅಂದರೆ ಕಿವಿ ಕೇಳದ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ಶಿಕ್ಷಕರು, ಮತ್ತು ಆಡಿಯಾಲಜಿಸ್ಟ್ ಮೀಟಿಂಗಿನಲ್ಲಿ ಇರಲೇಬೇಕು ಅಂತ ಒತ್ತಾಯಿಸಿ. ಸ್ಪೀಚ್ ಥೆರಪಿಸ್ಟ್ ಒಬ್ಬರೇ ಇದ್ದರೆ ಎಲ್ಲವೂ ಉಚ್ಚಾರಣೆಯ ಸುತ್ತವೇ ಗಿರಕಿ ಹೊಡೆಯುತ್ತದೆ.

ಕಿವಿ ಕೇಳದ ಮಗುವಿನ ಐಇಪಿ ಬರೆಯುವಾಗ ತಂಡ ಕೆಲವು ವಿಷಯ ಚರ್ಚಿಸಲೇಬೇಕು ಎಂದು ಕಾನೂನಿನಲ್ಲಿದೆ. ಮಗುವಿನ ಭಾಷೆ ಯಾವುದು, ಸಂವಹನದ ರೀತಿ ಯಾವುದು? ಅದೇ ರೀತಿಯಲ್ಲಿ ಓರಗೆಯ ಮಕ್ಕಳ ಜೊತೆ, ಶಿಕ್ಷಕರ ಜೊತೆ ನೇರವಾಗಿ ಮಾತಾಡುವ ಅವಕಾಶ ಇದೆಯಾ? ಫಾರಂನಲ್ಲಿ ಇದು ಸುಮ್ನೆ ಒಂದು ಟಿಕ್ ಹಾಕುವ ಚೌಕವಾಗಿರುತ್ತದೆ. ಆ ಚೌಕದಲ್ಲಿ ನಿಲ್ಲಿಸಿ, ಚರ್ಚೆ ಮಾಡಿಸಿ.

ಸನ್ನೆ ಭಾಷೆ ಬಳಸುವ ಮಗುವಾದರೆ ಇಂಟರ್‌ಪ್ರಿಟರ್ ಅರ್ಹತೆ ಕೇಳಿ. ಶಾಲೆಯ ಇಂಟರ್‌ಪ್ರಿಟರ್‌ಗಳಿಗೆ ಇಐಪಿಎ ಎಂಬ ಪರೀಕ್ಷೆ ಇದೆ, 5ರ ಅಳತೆ. ಬಹಳ ರಾಜ್ಯಗಳು ಕನಿಷ್ಠ 3.5 ಅಥವಾ 4 ಕೇಳುತ್ತವೆ. ‘ನಮ್ಮ ಕ್ಲಾಸಿನ ಸಹಾಯಕರಿಗೆ ಸ್ವಲ್ಪ ಸೈನ್ ಬರುತ್ತೆ’ ಅನ್ನುವುದು ಉತ್ತರವಲ್ಲ. ಮಿಚಿಗನ್‌ನ ಮಿಗೆಲ್ ಪೆರೇಜ್ ಎಂಬ ಕಿವುಡು ಹುಡುಗನಿಗೆ ವರ್ಷಗಟ್ಟಲೆ ಸನ್ನೆ ಭಾಷೆ ಸರಿಯಾಗಿ ಬಾರದವರನ್ನು ಹಾಕಿ, ಮಾರ್ಕ್ಸ್ ಮಾತ್ರ ಚೆನ್ನಾಗಿ ಕೊಟ್ಟು ಪಾಸು ಮಾಡಿದರು, ಕೊನೆಗೆ ಡಿಪ್ಲೊಮಾ ಸಿಗುವುದಿಲ್ಲ ಎಂದರು ಎಂಬುದು ಆ ಕುಟುಂಬದ ದೂರು. ಕೇಸು ಸುಪ್ರೀಂ ಕೋರ್ಟ್ ಮುಟ್ಟಿ, 2023ರಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಅವನ ಪರ ತೀರ್ಪು ಕೊಟ್ಟರು. ಅಂದ ಹಾಗೆ, ಅಮೆರಿಕನ್ ಸನ್ನೆ ಭಾಷೆ ಮತ್ತು ಭಾರತದ ಸನ್ನೆ ಭಾಷೆ ಬೇರೆ ಬೇರೆ. ಊರಿನಿಂದ ಈಗ ತಾನೇ ಬಂದ ಮಗುವಿಗೆ ಇದು ಹೊಸ ಭಾಷೆ ಕಲಿತ ಹಾಗೇ.

ಕಿವುಡು ಮಕ್ಕಳ ರಾಜ್ಯ ಶಾಲೆಯೂ ಒಂದು ಆಯ್ಕೆ. ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಮತ್ತು ರಿವರ್‌ಸೈಡ್, ಟೆಕ್ಸಸ್‌ನಲ್ಲಿ ಆಸ್ಟಿನ್. 1817ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿ ಶುರುವಾದ ಶಾಲೆ ಈಗಲೂ ಇದೆ, ಪಕ್ಕದ ವೆಸ್ಟ್ ಹಾರ್ಟ್‌ಫರ್ಡಿನಲ್ಲಿ. ಬೇಡ ಅನ್ನುವ ಮುಂಚೆ ಒಮ್ಮೆ ಹೋಗಿ ನೋಡಿ. ಊಟದ ಮನೆಯಲ್ಲಿ ಕೈಗಳು ಒಂದೇ ಸಮನೆ ಮಾತಾಡುತ್ತಿರುತ್ತವೆ.

ಕೇಳಿ ಕಲಿಯುವ ಮಗುವಾದರೆ ಡಿಎಂ ಸಿಸ್ಟಂ, ಕೆಲವರು ಈಗಲೂ ಎಫ್‌ಎಂ ಅನ್ನುತ್ತಾರೆ. ಟೀಚರ್ ಕುತ್ತಿಗೆಗೆ ಮೈಕ್, ಅಲ್ಲಿಂದ ಸೀದಾ ಮಗುವಿನ ಕಿವಿಗೆ. ಐಇಪಿಯಲ್ಲಿ ಬರೆದರೆ ಇದನ್ನು ಶಾಲೆ ಕೊಡಿಸಬೇಕು. ಬರೆಯುವಾಗ ಬರೀ ‘ಡಿಎಂ ಬಳಕೆ’ ಅಂತ ಬಿಡಬೇಡಿ. ಯಾರು ಚಾರ್ಜ್ ಮಾಡುತ್ತಾರೆ, ಬೇರೆ ಮಕ್ಕಳು ಉತ್ತರ ಹೇಳುವಾಗ ಮೈಕ್ ಅವರ ಕೈಗೆ ಹೋಗುತ್ತದಾ, ಬದಲಿ ಟೀಚರ್ ಬಂದ ದಿನ ಯಾರು ಹೇಳುತ್ತಾರೆ, ಎಲ್ಲ ಬರೆಸಿ. ಮ್ಯೂಟ್ ಮಾಡುವುದನ್ನೂ ಕಲಿಸಿ. ನಮ್ಮ ಮಗಳ ಟೀಚರ್ ಒಬ್ಬರು ಮೈಕ್ ಹಾಕಿಕೊಂಡೇ ಬಾತ್‌ರೂಮಿಗೆ ಹೋಗಿದ್ದರು. ಮಗಳು ಇಡೀ ಕ್ಲಾಸಿಗೆ ನೇರ ವರದಿ ಕೊಟ್ಟಳಂತೆ.

ಹಿಯರಿಂಗ್ ಏಡ್, ಕಾಕ್ಲಿಯರ್ ಇಂಪ್ಲಾಂಟಿನ (ಆಪರೇಷನ್ ಮಾಡಿ ಒಳಗಿವಿಗೆ ಹಾಕುವ ಸಾಧನ) ಹೊರಭಾಗ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು ಕಾನೂನಿನ ಪ್ರಕಾರ ಶಾಲೆಯ ಕೆಲಸ. ಇಂಪ್ಲಾಂಟಿನ ಮ್ಯಾಪಿಂಗ್, ಅಂದರೆ ಅದರ ಮಟ್ಟ ಮಗುವಿಗೆ ಹೊಂದಿಸುವುದು, ಮಾತ್ರ ಆಸ್ಪತ್ರೆಯದು. ಪ್ರತಿದಿನ ಬೆಳಿಗ್ಗೆ ನೋಡಬೇಕು, ಇಂಥವರು ನೋಡಬೇಕು ಅಂತ ಬರೆಸಿ. ಎರಡು ನಿಮಿಷದ ಕೆಲಸ. ಬ್ಯಾಟರಿ ನೋಡಿ, ಸ್ಟೆತೊಸೆಟ್ (ಏಡಿನ ಸದ್ದು ಕೇಳಲು ಕಿವಿಗೆ ಹಾಕುವ ಕೊಳವೆ) ಹಾಕಿ ಏಡ್ ಆಲಿಸಿ, ಮಗುವನ್ನು ಬೆನ್ನು ಮಾಡಿ ನಿಲ್ಲಿಸಿ ಆರು ಸದ್ದು ಹೇಳುವುದು: ಆ, ಈ, ಊ, ಮ್, ಶ್, ಸ್. ಮಗು ತಿರುಗಿ ಹೇಳಬೇಕು. ಇದಕ್ಕೆ ಲಿಂಗ್ ಟೆಸ್ಟ್ ಅನ್ನುತ್ತಾರೆ. ಮಾತಿನ ಕೆಳಗಿನ ಸದ್ದಿನಿಂದ ಮೇಲಿನ ಸದ್ದಿನವರೆಗೆ ಆರರಲ್ಲೇ ಬಂದುಬಿಡುತ್ತದೆ. ಮನೆಯಲ್ಲೂ ಮಾಡಿ. ಒಂದು ಸೋಮವಾರ ನನ್ನ ಮಗಳು ‘ಸ್’ ಹೇಳದೆ ನಿಂತಳು. ಒಂದು ಏಡಿನ ಟ್ಯೂಬಿನಲ್ಲಿ ನೀರ ಹನಿ ಕೂತಿತ್ತು, ಅಷ್ಟೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಲ್ಲ ವಿಡಿಯೋಗೂ ಕ್ಯಾಪ್ಷನ್. ಸ್ಪೀಕರಿನಲ್ಲಿ ಬರುವ ಸೂಚನೆ ಬರವಣಿಗೆಯಲ್ಲೂ ಸಿಗಬೇಕು. ಬೆಂಕಿಯ ಅಲಾರಂ ಬಾತ್‌ರೂಮಿನಲ್ಲೂ ಮಿಂಚಬೇಕು. ದೊಡ್ಡ ಕ್ಲಾಸಿಗೆ ನೋಟ್ಸ್, ಬೇಕಿದ್ದರೆ ಆಡಿದ್ದನ್ನೆಲ್ಲ ಟೈಪ್ ಮಾಡಿ ತೋರಿಸುವ ಕಾರ್ಟ್ ಸೇವೆ. ಮಧ್ಯೆ ಮಧ್ಯೆ ಕಿವಿಗೆ ವಿಶ್ರಾಂತಿ. ಪಿಇ, ಮ್ಯೂಸಿಕ್, ಬಸ್ಸು, ಕ್ಲಬ್ಬು ಮರೆಯಬೇಡಿ.

‘ಅಗತ್ಯವಿದ್ದಾಗ’ ಎಂಬ ಪದ ಕಂಡರೆ ಹೊಡೆದುಹಾಕಿಸಿ. ವಾರಕ್ಕೆ ಎಷ್ಟು ನಿಮಿಷ, ಎಷ್ಟು ಸಲ, ಎಲ್ಲಿ, ಯಾರಿಂದ ಅಂತ ಅಂಕಿಯಲ್ಲಿರಬೇಕು. ಅಂಕಿ ಇಲ್ಲದ ಸೇವೆಯನ್ನು ಕೊಟ್ಟರಾ ಇಲ್ಲವಾ ಅಂತ ಲೆಕ್ಕ ಹಾಕುವುದು ಹೇಗೆ?

ಸಹಿಗೆ ಅವಸರ ಬೇಡ

ಮೀಟಿಂಗಿಗೆ ಬಂದಿದ್ದೇನೆ ಅಂತ ಸಹಿ ಹಾಕುವುದು ಬೇರೆ, ಒಪ್ಪಿದ್ದೇನೆ ಅಂತ ಹಾಕುವುದು ಬೇರೆ. ಯಾವುದಕ್ಕೆ ಅಂತ ಕೇಳಿ. ಮನೆಗೆ ಒಯ್ದು ಓದುತ್ತೇನೆ ಅನ್ನಿ. ಮಾರನೇ ದಿನ, ಏನು ಮಾತಾಯಿತು, ಯಾರು ಏನು ಒಪ್ಪಿದರು ಅಂತ ಒಂದು ಈಮೇಲ್ ಹಾಕಿ. ಜಗಳದ ದನಿ ಬೇಡ. ಈ ಜನರ ಜೊತೆ ನೀವು ಹತ್ತು ಹದಿನೈದು ವರ್ಷ ಏಗಬೇಕು.

ಹೊಂದಿಕೆ ಆಗದಿದ್ದರೆ ಮಧ್ಯಸ್ಥಿಕೆ ಕೇಳಬಹುದು. ಬರೆದ ಸೇವೆ ಕೊಡದಿದ್ದರೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ವಕೀಲರು ಬೇಕಿಲ್ಲ. ತಪ್ಪು ನಡೆದು ವರ್ಷ ದಾಟಿರಬಾರದು. ಸಾಮಾನ್ಯವಾಗಿ 60 ದಿನದಲ್ಲಿ ತೀರ್ಮಾನ ಬರಬೇಕು. ಎಲ್ಲಕ್ಕಿಂತ ಮೇಲೆ ಡ್ಯೂ ಪ್ರೊಸೆಸ್. ಅದು ಕೋರ್ಟಿನಂಥದ್ದೇ, ಅದಕ್ಕೆ ವಕೀಲರಿದ್ದರೆ ಒಳ್ಳೆಯದು. ಅಷ್ಟು ದೂರ ಹೋಗುವ ಮುಂಚೆ ನಿಮ್ಮ ರಾಜ್ಯದ ಪೇರೆಂಟ್ ಸೆಂಟರಿಗೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಹಣದಲ್ಲಿ ಪ್ರತಿ ರಾಜ್ಯದಲ್ಲೂ ಒಂದಾದರೂ ಇದೆ, ಸಲಹೆಗೆ ದುಡ್ಡಿಲ್ಲ. ಹ್ಯಾಂಡ್ಸ್ ಅಂಡ್ ವಾಯ್ಸಸ್ ಎಂಬ ಅಪ್ಪ ಅಮ್ಮಂದಿರ ಸಂಘಟನೆಯೂ ಇದೆ. ಸನ್ನೆ ಸರಿಯೋ, ಮಾತು ಸರಿಯೋ ಅಂತ ಅವರು ಪಕ್ಷ ಕಟ್ಟುವುದಿಲ್ಲ. ನನಗೆ ಅದು ಇಷ್ಟವಾಯಿತು.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ, ಹೊಸ ಡಿಸ್ಟ್ರಿಕ್ಟ್ ತನ್ನದೇ ಪರೀಕ್ಷೆ ಮುಗಿಸುವ ತನಕ ಹಳೇ ಐಇಪಿಗೆ ಹೋಲುವ ಸೇವೆ ಕೊಡಬೇಕು. ಸಾಮಾನು ಲಾರಿಗೆ ಹಾಕುವಾಗ ಐಇಪಿ, ಆಡಿಯೋಗ್ರಾಂ, ಲಿಸನಿಂಗ್ ರಿಪೋರ್ಟು ನಿಮ್ಮ ಕೈಚೀಲದಲ್ಲಿರಲಿ. ಡಿಎಂ ಮೈಕ್ ಹಳೇ ಶಾಲೆಯದು, ಅದು ಜೊತೆಗೆ ಬರುವುದಿಲ್ಲ. ಹಾಗಾಗಿ ಹೊಸ ಶಾಲೆಗೆ ಮೊದಲ ಈಮೇಲ್ ಮನೆ ಹುಡುಕುವಾಗಲೇ ಹೋಗಬೇಕು.

ಹದಿನಾರು ವರ್ಷಕ್ಕೆ ಐಇಪಿಯಲ್ಲಿ ಮುಂದಿನ ಬದುಕಿನ ಯೋಜನೆ ಸೇರಲೇಬೇಕು. ಹೈಸ್ಕೂಲಿನ ಡಿಪ್ಲೊಮಾ ಕೈಗೆ ಬಂದ ದಿನ ಐಇಪಿ ಮುಗಿಯಿತು. ಕಾಲೇಜಿನಲ್ಲಿ ನಿಮ್ಮ ಈಮೇಲಿಗೆ ಬೆಲೆಯಿಲ್ಲ. ಡಿಸೆಬಿಲಿಟಿ ಆಫೀಸಿಗೆ ಮಗುವೇ ಹೋಗಿ ಕೇಳಬೇಕು. ನಾವು ಮಗಳನ್ನು ಐದನೇ ಕ್ಲಾಸಿನಿಂದ ಮೀಟಿಂಗಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೊದಲ ಸಲ ಅವಳು ಬಾಯಿ ಬಿಟ್ಟಿದ್ದು ಒಂದೇ ಸಲ, ಮೀಟಿಂಗ್ ನಡೆಸುತ್ತಿದ್ದವರಿಗೆ: ‘ನೀವು ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಮಾತಾಡ್ತಿದ್ದೀರಿ, ನನಗೆ ಕೇಳಿಸ್ತಿಲ್ಲ.’